ರ‍್ಯಾಮ್ ತೆಗೆದು ಮತ್ತೆ ಹಾಕಿದ ಮೇಲೆ ಕಂಪ್ಯೂಟರ್ ಆನ್ ಆಗ್ತಿಲ್ವಾ?

ಫ್ಯಾನ್ ತಿರುಗುತ್ತದೆ, ಪರದೆ ಮಾತ್ರ ಕಪ್ಪು. ಗಾಬರಿ ಬೇಡ, ಜಾಸ್ತಿ ಸಲ ರ‍್ಯಾಮ್ ಪೂರ್ತಿ ಕೂತಿರುವುದಿಲ್ಲ ಅಷ್ಟೇ.

ಪ್ಲಗ್ ತೆಗೆದು, ಪವರ್ ಬಟನ್ 10 ಸೆಕೆಂಡ್ ಒತ್ತಿ ಹಿಡಿಯಿರಿ. ರ‍್ಯಾಮ್‌ನ ಕಚ್ಚು ಸ್ಲಾಟ್‌ಗೆ ಸರಿಯಾಗಿ ಹೊಂದಿದೆಯಾ ನೋಡಿ, ಎರಡೂ ತುದಿ ಗಟ್ಟಿಯಾಗಿ ಒತ್ತಿ. ಟಕ್ ಅನ್ನಬೇಕು. ನಾವು ಅಂದುಕೊಂಡಿದ್ದಕ್ಕಿಂತ ಜಾಸ್ತಿ ಬಲವೇ ಬೇಕಾಗುತ್ತದೆ. ಎರಡು ರ‍್ಯಾಮ್ ಇದ್ದರೆ ಒಂದನ್ನೇ ಹಾಕಿ ನೋಡಿ. ನಾಲ್ಕು ಸ್ಲಾಟ್ ಇದ್ದರೆ ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎರಡನೆಯದರಲ್ಲಿ.

ಡಿಡಿಆರ್5 (ಹೊಸ ತಲೆಮಾರಿನ ರ‍್ಯಾಮ್) ಆದರೆ ಮೊದಲ ಸಲ ಕೆಲವು ನಿಮಿಷ ಪರದೆ ಕಪ್ಪಾಗಿಯೇ ಇರಬಹುದು, ಮದರ್‌ಬೋರ್ಡ್ ಆಗ ಮೆಮೊರಿಯನ್ನು ಪರೀಕ್ಷಿಸಿ ಹೊಂದಿಸಿಕೊಳ್ಳುತ್ತಿರುತ್ತದೆ. ದಯವಿಟ್ಟು ನಡುವೆ ಆಫ್ ಮಾಡಬೇಡಿ.

ಆಗಲೂ ಬರದಿದ್ದರೆ, ಮತ್ತೆ ಪ್ಲಗ್ ತೆಗೆದು, ಬೋರ್ಡ್ ಮೇಲಿನ ನಾಣ್ಯದಂಥ ಸಿಆರ್2032 ಸೆಲ್ ಐದು ನಿಮಿಷ ತೆಗೆದಿಟ್ಟು ಹಾಕಿ. ಕೈ ತಗುಲಿ ಪವರ್ ಕೇಬಲ್ ಸಡಿಲವಾಗಿದೆಯಾ ಅಂತಲೂ ನೋಡಿ.