ತೊಡೆಯ ಮೇಲಿನ ಆರ್ಗನ್

ಹಾರ್ಮೋನಿಯಂ ಗೊತ್ತಿದ್ದರೆ ಪೋರ್ಟಟಿವ್ ಆರ್ಗನ್ ತಾನಾಗಿಯೇ ಬರುತ್ತದೆ ಅಂತ ಯಾರಾದರೂ ಹೇಳಿದರೆ ಅರ್ಧ ಮಾತ್ರ ನಂಬಿ. ಬಲಗೈಗೆ ಆ ಮಾತು ನಿಜ. ಎಡಗೈ ಮಾತ್ರ ಅ ಆ ಇ ಈಯಿಂದ ಶುರು ಮಾಡಬೇಕು.

ಇದು ಯುರೋಪಿನಲ್ಲಿ 13ರಿಂದ 16ನೇ ಶತಮಾನದವರೆಗೆ ಬಳಕೆಯಲ್ಲಿದ್ದ ಪುಟ್ಟ ಆರ್ಗನ್. ಸಾಮಾನ್ಯವಾಗಿ ಎರಡು ಸಾಲು ಕೊಳವೆ, ಸುಮಾರು ಎರಡು ಸ್ಥಾಯಿ, ಹಿಂದುಗಡೆ ಒಂದು ತಿದಿ. ತೊಡೆಯ ಮೇಲಿಟ್ಟುಕೊಂಡು ಬಲಗೈಯಲ್ಲಿ ಕೀ ಒತ್ತುವುದು, ಎಡಗೈಯಲ್ಲಿ ತಿದಿ ಒತ್ತುವುದು. ಇಟಲಿಯ ಫ್ಲಾರೆನ್ಸಿನ ಸಂಗೀತಗಾರ ಫ್ರಾಂಚೆಸ್ಕೊ ಲಾಂಡಿನಿ ಇದರಲ್ಲಿ ದೊಡ್ಡ ಹೆಸರು. ಚಿಕ್ಕಂದಿನಲ್ಲೇ ಸಿಡುಬಿನಿಂದ ಕಣ್ಣು ಕಳೆದುಕೊಂಡವರು, 1397ರಲ್ಲಿ ತೀರಿಕೊಂಡರು. ಅಲ್ಲಿನ ಸ್ಯಾನ್ ಲೊರೆಂಜೊ ಚರ್ಚಿನಲ್ಲಿರುವ ಅವರ ಸಮಾಧಿಗಲ್ಲಿನಲ್ಲೂ ಕೈಯಲ್ಲಿ ಈ ವಾದ್ಯವೇ ಇದೆ.

ನನ್ನದು ನಾನೇ ಮಾಡಿಕೊಂಡದ್ದು. ಹಳೆಯ ಚಿತ್ರಗಳಲ್ಲಿ ಕಾಣುವುದು ಹೆಚ್ಚಾಗಿ ಲೋಹದ ಕೊಳವೆ. ನನಗೆ ಗೊತ್ತಿರುವುದು ಮರಗೆಲಸ, ಹಾಗಾಗಿ ಮರದ್ದೇ ಮಾಡಿದೆ. ಬಿಳಿ ಒಂದರ ಷಡ್ಜ, ಅಂದರೆ ಸುಮಾರು 262 ಹರ್ಟ್ಸ್, ತೆರೆದ ಕೊಳವೆಯಲ್ಲಿ ಬೇಕಾದರೆ 60 ಸೆಂ.ಮೀ.ಗೂ ಜಾಸ್ತಿ ಉದ್ದ ಬೇಕು. ತುದಿಗೆ ಬಿರಡೆ ಹಾಕಿದರೆ ಅದರ ಅರ್ಧ ಸಾಕು. ಕೆಳಗಿನ ಸ್ವರಗಳಿಗೆಲ್ಲ ಬಿರಡೆ ಹಾಕಿದೆ. ಬಿರಡೆಗೆ ಕುರಿಯ ತೊಗಲು ಸುತ್ತಿದೆ, ಅದನ್ನು ಮೇಲೆ ಕೆಳಗೆ ಸರಿಸಿದರೆ ಶ್ರುತಿ ಕೂರುತ್ತದೆ.

ಕೊಳವೆ ಅಂಟಿಸುವುದು ದೊಡ್ಡ ಕೆಲಸವಲ್ಲ. ಅದನ್ನು ಮಾತಾಡಿಸುವುದೇ ಕೆಲಸ. ಕೊಳಲಿನಲ್ಲಿ ತುಟಿ ಮಾಡುವ ಕೆಲಸವನ್ನು ಇಲ್ಲಿ ಒಂದು ಸಣ್ಣ ಸೀಳು ಮಾಡುತ್ತದೆ. ಗಾಳಿ ಅದರಿಂದ ಹಾಳೆಯ ಹಾಗೆ ಹೊರಬಂದು ಕೊಳವೆಯಲ್ಲಿ ಕತ್ತರಿಸಿದ ಕಿಂಡಿಯ, ಅಂದರೆ ಬಾಯಿಯ, ಮೇಲಂಚಿಗೆ ಬಡಿಯುತ್ತದೆ. ಬಾಯಿ ತೀರಾ ಗಿಡ್ಡವಾದರೆ ಸ್ವರ ಕೀರಲು. ಸ್ವಲ್ಪ ಜೋರಾಗಿ ಊದಿದರೂ ಬಿರಡೆಯ ಕೊಳವೆ ಒಂದು ಸ್ಥಾಯಿ ದಾಟಿ ಅದರ ಪಂಚಮಕ್ಕೆ ಜಿಗಿದುಬಿಡುತ್ತದೆ. ಮೇಲಂಚನ್ನು ಕೂದಲೆಳೆಯಷ್ಟು ಕೆತ್ತಬೇಕು, ಊದಿ ಕೇಳಬೇಕು, ಮತ್ತೆ ಕೆತ್ತಬೇಕು. ಬಾಯಿಯ ಅಗಲದ ಕಾಲು ಭಾಗದಷ್ಟು ಎತ್ತರ ಬರುತ್ತಿದ್ದಂತೆ ದನಿ ದುಂಡಗಾಗುತ್ತದೆ. ಅಲ್ಲೇ ಕೈ ನಿಲ್ಲಿಸಬೇಕು. ಕೆತ್ತಿದ ಮರವನ್ನು ವಾಪಸ್ ಅಂಟಿಸೋಕಾಗಲ್ಲ ಅಲ್ವಾ! ಪ್ರತಿ ಸ್ವರದ ಶುರುವಿನಲ್ಲಿ ಕೇಳುವ ಸಣ್ಣ 'ಛಪ್' ಸದ್ದನ್ನು ನಾನು ತೆಗೆಯಲಿಲ್ಲ. ಅದಿಲ್ಲದೆ ಈ ವಾದ್ಯ ಸಪ್ಪೆ.

ಇನ್ನು ಎಡಗೈ. ಹಾರ್ಮೋನಿಯಂ ಒಳಗೆ ಗಾಳಿ ಕೂಡಿಡುವ ಇನ್ನೊಂದು ತಿದಿ ಇರುತ್ತದೆ, ಸ್ಪ್ರಿಂಗ್ ಅದನ್ನು ಒತ್ತುತ್ತಿರುತ್ತದೆ. ಕೈ ತೆಗೆದರೂ ಸ್ವರ ಸ್ವಲ್ಪ ಹೊತ್ತು ನಿಲ್ಲುತ್ತದೆ. ನನ್ನ ಆರ್ಗನ್ನಿಗೆ ಆ ಉಳಿತಾಯ ಖಾತೆ ಇಲ್ಲ. ತಿದಿ ಎತ್ತಿದ ಕ್ಷಣ ಸ್ವರ ನಿಂತಿತು. ಜಾಸ್ತಿ ಒತ್ತಿದರೆ ಶ್ರುತಿ ಏರುತ್ತದೆ, ಕಮ್ಮಿ ಒತ್ತಿದರೆ ಇಳಿಯುತ್ತದೆ.

ಇದಕ್ಕೆ ನನಗೆ ದಾರಿ ತೋರಿಸಿದ್ದು ನೀರು. ಪಾರದರ್ಶಕ ಪ್ಲಾಸ್ಟಿಕ್ ನಳಿಗೆಯನ್ನು ಯು ಆಕಾರಕ್ಕೆ ಬಗ್ಗಿಸಿ, ಅರ್ಧ ನೀರು ತುಂಬಿ, ಒಂದು ತುದಿಯನ್ನು ಗಾಳಿಪೆಟ್ಟಿಗೆಗೆ ಸಿಕ್ಕಿಸಿದೆ. ಎರಡು ಬದಿಯ ನೀರಿನ ನಡುವೆ 50 ಮಿ.ಮೀ. ವ್ಯತ್ಯಾಸ ಇರಬೇಕು ಅಂತ ಗುರುತು ಹಾಕಿಕೊಂಡೆ. ಆಮೇಲೆ ಒಂದೇ ಸ್ವರ ಹಿಡಿದು ನೀರು ಅಲುಗದ ಹಾಗೆ ತಿದಿ ಇಳಿಸುವ ಅಭ್ಯಾಸ. ಇನ್ನೊಂದು ಕೀ ಒತ್ತಿದರೆ ಸಾಕು, ನೀರು ಥಟ್ಟನೆ ಕುಸಿಯುತ್ತದೆ. ಎರಡು ಕೊಳವೆ ಗಾಳಿ ಕುಡಿಯುತ್ತಿದೆ ಅಂತ ಕೈಗೆ ಮೊದಲೇ ಗೊತ್ತಿರಬೇಕು. ದಪ್ಪ ಕೊಳವೆ ಜಾಸ್ತಿ ಕುಡಿಯುತ್ತದೆ, ಸಣ್ಣದು ಕಮ್ಮಿ. ಕಿವಿಗಿಂತ ಕಣ್ಣು ಬೇಗ ಕಲಿಸಿತು.

ಶ್ರುತಿಯನ್ನು ಪೈಥಾಗರಸ್ ಕ್ರಮದಲ್ಲಿ ಇಟ್ಟಿದ್ದೇನೆ, ಪಂಚಮದ ಮೇಲೆ ಪಂಚಮ ಕಟ್ಟುತ್ತಾ ಹೋಗುವುದು. ಪಂಚಮಗಳು ಶುದ್ಧ. ಆದರೆ ಒಂದು ಸ್ಥಾಯಿಯನ್ನು 1200 ಸೆಂಟ್ ಅಂತ ಅಳೆದರೆ ಅಂತರ ಗಾಂಧಾರ 408 ಸೆಂಟ್‌ಗೆ ಬರುತ್ತದೆ. ತಂಬೂರಿಯಲ್ಲಿ ಕೇಳುವ ಗಾಂಧಾರ ಸುಮಾರು 386. ನಮ್ಮ ಕಿವಿಗೆ ಮೊದಮೊದಲು ಚುಚ್ಚುತ್ತದೆ. 14ನೇ ಶತಮಾನದ ಸಂಗೀತ ಆ ಸ್ವರದ ಮೇಲೆ ನಿಲ್ಲುವುದಿಲ್ಲ, ಪಂಚಮಕ್ಕೋ ಸ್ಥಾಯಿಗೋ ಸಾಗಿಬಿಡುತ್ತದೆ. ಅಲ್ಲಿ ಆ ಚುಚ್ಚುವಿಕೆಯೇ ಮುಂದಕ್ಕೆ ತಳ್ಳುತ್ತದೆ. ಕೋಣೆ ಒಂದು ಡಿಗ್ರಿ ಬಿಸಿಯಾದರೆ ಇಡೀ ವಾದ್ಯ ಸುಮಾರು 3 ಸೆಂಟ್ ಏರುತ್ತದೆ, ಹಾಗಾಗಿ ಚಳಿಗಾಲದಲ್ಲಿ ಹೀಟರ್ ಹಾಕಿ ಕೋಣೆ ಬೆಚ್ಚಗಾದ ಮೇಲೇ ಬಿರಡೆ ಮುಟ್ಟುತ್ತೇನೆ.

ನುಡಿಸುವ ಮೊದಲು ಹಾಡುತ್ತೇನೆ, ದನಿ ಚೆನ್ನಾಗಿಲ್ಲದಿದ್ದರೂ. ಉಸಿರು ಎಲ್ಲಿ ಬೇಕೋ ಅಲ್ಲಿ ಪೆನ್ಸಿಲ್ ಗೆರೆ. ತಿದಿ ಎತ್ತುವುದು ಅಲ್ಲೇ. ಲಾಂಡಿನಿಯವರ ಎರಡು ದನಿಯ ಬಲ್ಲಾಟಾ ಎಂಬ ಹಾಡುಗಳಲ್ಲಿ ಮೇಲಿನ ದನಿ ನನ್ನ ಹೆಂಡತಿಯದು, ಕೆಳಗಿನದು ನನ್ನದು. ಅವಳು ಉದ್ದ ಸಾಲನ್ನು ಒಂದೇ ಉಸಿರಿನಲ್ಲಿ ಎಳೆಯುತ್ತಾಳೆ, ನನ್ನ ಕೆಳಗಿನ ಷಡ್ಜ ಅಷ್ಟರಲ್ಲಿ ತಿದಿ ಖಾಲಿ ಮಾಡಿರುತ್ತದೆ. ಅಲ್ಲಿ ಅವಳ ಮಾತು ತಿರುಗುವ ಜಾಗ ನೋಡಿ ಸ್ವರ ಬಿಟ್ಟು ಮತ್ತೆ ಒತ್ತುತ್ತೇನೆ.