ದುರ್ಗದ ಕಲ್ಲುಗೋಡೆಗೆ ಅಚ್ಚು ಮಾಡುವುದು, ಪ್ಲಾಸ್ಟರ್ ಎರೆಯುವುದು

ಪುಟ್ಟ ಗೊಂಬೆ ಸೈನಿಕರಿಂದ ಆಡುವ ಮಿನಿಯೇಚರ್ ಯುದ್ಧದಾಟದ ಮೇಜಿಗೆ ಚಿತ್ರದುರ್ಗದ ಕೋಟೆ ಬೇಕಿದ್ದರೆ ಇಟ್ಟಿಗೆಯಂತೆ ಸಮಸಾಲು ಕೊರೆಯಬೇಡಿ. ಏಳು ಸುತ್ತಿನ ಕೋಟೆಯ ಕಲ್ಲುಗಳು ಒಂದೊಂದು ಅಳತೆಯವು, ಸಂದು ಮಾತ್ರ ಬಿಗಿ. 28 ಮಿ.ಮೀ. ಗೊಂಬೆಗಳ ಪಕ್ಕ 8ರಿಂದ 20 ಮಿ.ಮೀ. ಉದ್ದದ ಕಲ್ಲು ಒಪ್ಪುತ್ತವೆ. ಮೊದಲು ಗೋಡೆಯ ಮಾದರಿಯನ್ನು ಕ್ಲೇಯಲ್ಲಿ ಮಾಡಿ, ಹಸಿಯಿರುವಾಗಲೇ ಅದಕ್ಕೆ ಜಲ್ಲಿಕಲ್ಲಿನ ಒಡೆದ ಮೈಯನ್ನು ಒತ್ತಿ. ಗ್ರಾನೈಟಿನ ಒರಟು ಹಾಗೇ ಮೂಡುತ್ತದೆ, ಯಾವ ಉಪಕರಣವೂ ಅಷ್ಟು ಚೆನ್ನಾಗಿ ಮಾಡದು.

ಮಾದರಿಯನ್ನು ಗಾಜಿಗೆ ಅಂಟಿಸಿ, ಸುತ್ತ 1 ಸೆಂ.ಮೀ. ಬಿಟ್ಟು ಕಟ್ಟೆ ಕಟ್ಟಿ. ಅಚ್ಚಾಗುವ ದ್ರವ ಸಿಲಿಕೋನಿಗೆ ಗಟ್ಟಿಕಾರಕವನ್ನು ಡಬ್ಬಿಯಲ್ಲಿ ಹೇಳಿದಷ್ಟೇ ತೂಗಿ ಬೆರೆಸಿ. ಒಂದು ಮೂಲೆಯಿಂದ ಸಣ್ಣ ಧಾರೆಯಾಗಿ ಸುರಿಯಿರಿ, ಮಾದರಿಯ ಮೇಲೆ ಕನಿಷ್ಠ 1 ಸೆಂ.ಮೀ. ನಿಲ್ಲಲಿ. ಪ್ಲಾಟಿನಂ ಬಗೆಯ (ಪ್ಲಾಟಿನಂನ ನೆರವಿನಿಂದ ಗಟ್ಟಿಯಾಗುವ) ಸಿಲಿಕೋನ್ ಆದರೆ ಗಂಧಕವಿರುವ ಕ್ಲೇ ಬೇಡ, ಸಿಲಿಕೋನ್ ಅಂಟಂಟಾಗಿಯೇ ಉಳಿಯುತ್ತದೆ. ಗಟ್ಟಿಯಾದ ಮೇಲೆ ಮಾದರಿಯನ್ನು ತೆಗೆದರೆ ಅಚ್ಚು ಸಿದ್ಧ.

ಎರಕಕ್ಕೆ 130 ಮಿ.ಲೀ. ನೀರು, 200 ಗ್ರಾಂ ಪ್ಲಾಸ್ಟರ್ ಆಫ್ ಪ್ಯಾರಿಸ್. ನೀರಿಗೇ ಪುಡಿ ಉದುರಿಸಿ, ಪುಡಿಗೆ ನೀರು ಸುರಿದರೆ ಗಂಟು ಕಟ್ಟುತ್ತದೆ. ಒಂದು ನಿಮಿಷ ನೆನೆಯಲು ಬಿಟ್ಟು ನಿಧಾನ ಕಲಕಿ. ರಭಸವಾಗಿ ಕಲಕಿದಷ್ಟೂ ಗುಳ್ಳೆ. ಮೊದಲು ತೆಳುವಾಗಿ ಎರೆದು ಬ್ರಷ್‌ನಿಂದ ಸಂದುಗಳಿಗೆ ತಳ್ಳಿ, ಉಳಿದದ್ದನ್ನು ತುಂಬಿ, ಅಚ್ಚಿನ ಬದಿ ತಟ್ಟಿ.

ಬೇಸಿಗೆಯಲ್ಲಿ ಟ್ಯಾಂಕಿನ ಕಾದ ನೀರು ಬಳಸಿದರೆ ಕೈಯಲ್ಲಿರುವಾಗಲೇ ಬಿಗಿಯುತ್ತದೆ; ಮಡಕೆ ನೀರು ಒಳ್ಳೆಯದು. ತೇವ ಹಿಡಿದ ಹಳೆ ಪುಡಿಯ ಎರಕ ಉಗುರಿಗೇ ಉದುರುತ್ತದೆ, ಅದನ್ನು ಬಿಸಾಡಿ. ಎರಕ ಬೆಚ್ಚಗಾಗಿ ಮತ್ತೆ ತಣಿದ ಮೇಲೆ, ಅಂದರೆ ಸುಮಾರು 40 ನಿಮಿಷಕ್ಕೆ, ಅಚ್ಚನ್ನೇ ಬಾಗಿಸಿ ಬಿಡಿಸಿ. ಎರಡು ದಿನ ನೆರಳಲ್ಲಿ ಒಣಗಿಸದೆ ಬಣ್ಣ ಹಚ್ಚಿದರೆ ಸಿಪ್ಪೆ ಏಳುತ್ತದೆ. ಉಳಿದ ಪ್ಲಾಸ್ಟರನ್ನು ಸಿಂಕಿಗೆ ಸುರಿಯಬೇಡಿ, ಪೈಪಿನೊಳಗೇ ಕಲ್ಲಾಗುತ್ತದೆ.