ಹಳೆ ಅಡಿಕೆ ತೋಟ ಕೊಳ್ಳುವ ಮೊದಲು ಕಾಗದವನ್ನೂ ಮರವನ್ನೂ ಓದುವುದು ಹೇಗೆ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳೆ ತೋಟಗಳು ಹಿಸೆಯಾಗಿ (ಪಾಲಾಗಿ), ಮಾರಾಟವಾಗಿ ಹಲವು ಕೈ ದಾಟಿರುತ್ತವೆ. ಯಾರ ಕಾಲದಲ್ಲಿ ಆರೈಕೆ ತಪ್ಪಿತು ಎಂಬುದು ಮರದ ಮೇಲೂ ಉಳಿದಿರುತ್ತದೆ. ಹಾಗಾಗಿ ಪಹಣಿ ಹಿಡಿದುಕೊಂಡೇ ತೋಟಕ್ಕೆ ಇಳಿಯಿರಿ.

ಮೊದಲು ಇವತ್ತಿನ ಪಹಣಿ. 9ನೇ ಕಾಲಂನಲ್ಲಿ ಖಾತೆದಾರರು, 10ರಲ್ಲಿ ಹಕ್ಕು ಬಂದ ಬಗೆ, 11ರಲ್ಲಿ ಸಾಲ ಮತ್ತು ಇತರರ ಹಕ್ಕು. 10ನೇ ಕಾಲಂನಲ್ಲಿರುವ ಎಂ.ಆರ್. (ಮ್ಯುಟೇಶನ್ ರಿಜಿಸ್ಟರ್) ನಂಬರು ಹಿಡಿದು ಹಿಂದಿನ ಒಂದೊಂದು ಹಕ್ಕು ಬದಲಾವಣೆಯ ನಕಲು ತೆಗೆಸಿ. ಪಹಣಿಯನ್ನು ಕಂಪ್ಯೂಟರಿಗೆ ತಂದ ‘ಭೂಮಿ’ ಯೋಜನೆಗಿಂತ ಹಿಂದಿನವು ಕೈಬರಹದವು. ತಾಲೂಕು ಕಚೇರಿಯ ರೆಕಾರ್ಡ್ ರೂಮಿಗೆ ಅರ್ಜಿ ಕೊಡಬೇಕು. 1974ಕ್ಕಿಂತ ಹಿಂದಿನವರೆಗೂ ಹೋಗಲೇಬೇಕು. ಆ ವರ್ಷದ ಮಾರ್ಚ್ 1ರಂದು ಗೇಣಿ ಜಮೀನು ಸರ್ಕಾರಕ್ಕೆ ಸೇರಿತು, ಅದನ್ನು ತಮಗೆ ಕೊಡಿ ಎಂದು ಗೇಣಿದಾರರು 7ನೇ ನಮೂನೆಯಲ್ಲಿ ಅರ್ಜಿ ಹಾಕಿದರು. ಆಗಿನ ಪಹಣಿಯ ಸಾಗುವಳಿದಾರರ ಕಾಲಂನಲ್ಲಿ ಬೇರೆ ಹೆಸರಿದ್ದರೆ ಭೂ ನ್ಯಾಯಮಂಡಳಿಯ ಆದೇಶ ನೋಡದೆ ಮುಂಗಡ ಕೊಡಬೇಡಿ.

ಇಸಿ (ಋಣಭಾರ ಪತ್ರ) ಒಂದನ್ನೇ ನಂಬಿದವರು ಎಡವುವುದು ಇಲ್ಲೇ. ಅದರಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರ ಮಾತ್ರ. ಬಾಯಿಮಾತಿನ ಪಾಲು, ಫೋತಿ ಖಾತೆ (ತೀರಿಕೊಂಡವರ ಹೆಸರಿನಿಂದ ವಾರಸುದಾರರಿಗೆ ಆದ ಖಾತೆ) ಅದರಲ್ಲಿ ಇರುವುದಿಲ್ಲ. ಖಾತೆ ಹಿರಿಯಣ್ಣನ ಹೆಸರಲ್ಲಿದ್ದ ಮಾತ್ರಕ್ಕೆ ತಮ್ಮಂದಿರ, ಅಕ್ಕತಂಗಿಯರ ಹಕ್ಕು ಹೋಗುವುದಿಲ್ಲ. ವಂಶವೃಕ್ಷ ತರಿಸಿ, ಹಕ್ಕಿರುವ ಎಲ್ಲರ ಸಹಿ ಹಾಕಿಸಿ. 11ನೇ ಕಾಲಂನಲ್ಲಿ ಸೊಸೈಟಿಯ ಬೋಜಾ (ಸಾಲದ ನಮೂದು) ಇದ್ದರೆ "ಸಾಲ ತೀರಿದೆ" ಎಂಬ ಮಾತು ಸಾಲದು. ತೀರುವಳಿ ಪತ್ರ ಕೊಟ್ಟು ಬೋಜಾ ತೆಗೆಸಲಿ.

ಬೆಟ್ಟದ ಲೆಕ್ಕ ಬೇರೆಯೇ. ಘಟ್ಟದ ಮೇಲೆ ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನ ಬೆಟ್ಟ (ತೋಟಕ್ಕೆ ಸೊಪ್ಪು ತರುವ ಕಾಡು) ಬಿಟ್ಟುಕೊಟ್ಟ ಪದ್ಧತಿ ಬ್ರಿಟಿಷರ ಕಾಲದ್ದು. ಸಿಕ್ಕಿದ್ದು ಸೊಪ್ಪು, ದರಕಿನ (ಒಣಗಿ ಉದುರಿದ ಎಲೆಯ) ಸವಲತ್ತು, ನೆಲದ ಒಡೆತನವಲ್ಲ. ಎರಡು ಎಕರೆ ತೋಟಕ್ಕೆ ಬೆಟ್ಟ ಸೇರಿಸಿ "ಹದಿನೈದು ಎಕರೆ ಆಸ್ತಿ" ಎಂದು ದರ ಹೇಳುವವರಿದ್ದಾರೆ; ಬೆಲೆ ಕಟ್ಟುವಾಗ ತೋಟವನ್ನೇ ಅಳೆಯಿರಿ. ಬೆಟ್ಟ ಯಾವ ಸರ್ವೆ ನಂಬರಿನ ತೋಟಕ್ಕೆ ಹೊಂದಿದ್ದು, ಹಿಸೆಯಾದ ಮೇಲೆ ಯಾರು ದರಕು ಗುಡಿಸುತ್ತಿದ್ದಾರೆ ಎಂಬುದನ್ನು ಅಕ್ಕಪಕ್ಕದವರಲ್ಲಿ ಕೇಳಿ.

ಇನ್ನು ತೋಟ. ಒಂಬತ್ತು ಅಡಿ ಅಂತರದಲ್ಲಿ ಎಕರೆಗೆ ಸುಮಾರು 540 ಮರ ಹಿಡಿಯುತ್ತದೆ. ಹಳೆ ತೋಟದಲ್ಲಿ ಸಾಲು ನೆಟ್ಟಗಿರುವುದಿಲ್ಲ, ಮರ ಎಣಿಸಿಯೇ ನೋಡಬೇಕು. ಆಮೇಲೆ ಕಾಂಡ ಗಮನಿಸಿ. ಗೊಬ್ಬರ ತಪ್ಪಿದ, ಬಸಿಗಾಲುವೆ ಮುಚ್ಚಿದ ವರ್ಷಗಳಲ್ಲಿ ಕಾಂಡ ಸಪೂರಾಗಿ ಗಂಟುಗಳು ಒತ್ತೊತ್ತಾಗುತ್ತವೆ. ಮರ ವರ್ಷಕ್ಕೆ ಆರೇಳು ಸೋಗೆ (ಗರಿ) ಉದುರಿಸುತ್ತದೆ, ಒಂದೊಂದು ಸೋಗೆಗೂ ಒಂದು ಗಂಟು. ತಲೆಯಿಂದ ಕೆಳಗೆ ಎಣಿಸಿ ಎಪ್ಪತ್ತನೇ ಗಂಟಿನ ಹತ್ತಿರ ಸಪೂರು ಶುರುವಾಗಿದ್ದರೆ ತೊಂದರೆ ಹತ್ತು-ಹನ್ನೆರಡು ವರ್ಷ ಹಿಂದಿನದು. ಆ ಹೊತ್ತಿಗೆ ಖಾತೆ ಬದಲಾಗಿದೆಯೇ, ಪಾಲಿನ ವ್ಯಾಜ್ಯವಿತ್ತೇ? ವ್ಯಾಜ್ಯದ ತೋಟಕ್ಕೆ ಯಾರೂ ಮಣ್ಣು ಹಾಕುವುದಿಲ್ಲ. ಒಂದೇ ವಯಸ್ಸಿನ ಮರಗಳೆಲ್ಲ ಒಂದೇ ಎತ್ತರದಲ್ಲಿ ಸಪೂರಾಗಿದ್ದರೆ ಆರೈಕೆ ತಪ್ಪಿದ್ದು. ಮೇಲೆ ಮತ್ತೆ ದಪ್ಪವಾಗಿದ್ದರೆ ತೋಟ ಚೇತರಿಸಿಕೊಂಡಿದೆ. ಸಪೂರಾದ ಭಾಗ ಮಾತ್ರ ಮತ್ತೆ ತುಂಬಿಕೊಳ್ಳುವುದಿಲ್ಲ, ಗಾಳಿಗೆ ಮುರಿಯುವುದೂ ಅಲ್ಲೇ. ಅಂಥ ಮರ, ಹತ್ತಿ ಅಡಿಕೆ ಕೊನೆ ಕೊಯ್ಯುವ ಕೊನೆಗೌಡನಿಗೂ ಅಪಾಯ. ಅಲ್ಲೊಂದು ಇಲ್ಲೊಂದು ಮರದ ಸೋಗೆ ಗಿಡ್ಡವಾಗಿ, ಕಡು ಹಸಿರಾಗಿ ಮುದುಡಿದ್ದರೆ ಹಿಡಿಮುಂಡಿಗೆ ರೋಗ ಇರಬಹುದು.

ತೋಟ ನೋಡಲು ಆಷಾಢವೇ ಸರಿ. ಕೊನೆಕೊಯ್ಲಿನ ಹೊತ್ತಿಗೆ ಎಲ್ಲ ತೋಟವೂ ಚೆನ್ನಾಗಿಯೇ ಕಾಣುತ್ತದೆ. ಮಳೆಯಲ್ಲಿ ನೀರು ಎಲ್ಲಿ ನಿಲ್ಲುತ್ತದೆ, ಕೊಳೆರೋಗಕ್ಕೆ ಕಾಯಿ ಎಷ್ಟು ಉದುರುತ್ತದೆ ಎಂಬುದು ಆಗಲೇ ಗೊತ್ತಾಗುವುದು.

ಸರ್ವೆ ನಂಬರಿನ ಒಂದು ಭಾಗವನ್ನಷ್ಟೇ ಕೊಳ್ಳುವುದಾದರೆ ಆ ಭಾಗವನ್ನು ಅಳೆದು ತೋರಿಸುವ 11ಇ ನಕ್ಷೆ ಬೇಕು. ಬಸಿಗಾಲುವೆಯ ನೀರು ಕೆಳಗಿನ ತೋಟದ ಮೂಲಕ ಹಳ್ಳಕ್ಕೆ ಹೋಗುತ್ತಿದ್ದರೆ ಆ ಹಕ್ಕನ್ನು, ಅಡಿಕೆ ಹೊರುವ ದಾರಿಯನ್ನು ಕ್ರಯಪತ್ರದಲ್ಲಿ ದಿಕ್ಕು, ಅಗಲ ಸಮೇತ ಬರೆಸಿ. ದಾರಿ, ನೀರು ಬೇರೆಯವರ ಜಮೀನಿನಲ್ಲಿ ಹಾದರೆ ಅವರ ಒಪ್ಪಿಗೆಯನ್ನೂ ನೋಂದಣಿ ಮಾಡಿಸಿಕೊಳ್ಳಿ.